ವಲ್ಲಿಯ ಕೆಳಗಿನ ಕೈ

“ಗುರುಗಳೇ, ನನ್ನ ಮನೆ ಮಾರಾಟಕ್ಕಿದೆ. ಬಂದವರೆಲ್ಲ ಅರ್ಧ ಬೆಲೆಗೆ ಕೇಳುತ್ತಾರೆ. ಅಂಥವರಿಗೆ ಏನು ಹೇಳಬೇಕು?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

“ಕೂತುಕೋ” ಎಂದರು ಗುರುಗಳು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ದನದ ವ್ಯಾಪಾರಿ ಇದ್ದ. ಎತ್ತಾಗಲಿ ಎಮ್ಮೆಯಾಗಲಿ, ಅವನ ವ್ಯಾಪಾರ ನಡೆಯುತ್ತಿದ್ದದ್ದು ಹೆಗಲ ಮೇಲಿನ ವಲ್ಲಿಬಟ್ಟೆಯ ಕೆಳಗೆ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಸೇರಿಸಿ ಮೇಲೆ ವಲ್ಲಿ ಮುಚ್ಚುತ್ತಾರೆ. ಕೊಳ್ಳುವವನು ಎಷ್ಟು ಬೆರಳು ಚಾಚುತ್ತಾನೋ ಅಷ್ಟು ಬೆಲೆ. ಒಪ್ಪಿಗೆಯಾದರೆ ಮಾರುವವನು ಬೆರಳು ಒತ್ತುತ್ತಾನೆ, ಇಲ್ಲದಿದ್ದರೆ ಕೈಬಿಡುತ್ತಾನೆ. ಬೆಲೆಯನ್ನು ಬಾಯಲ್ಲಿ ಆಡುವ ಹಾಗಿಲ್ಲ. ಸುತ್ತ ಎಷ್ಟು ಜನ ನಿಂತಿದ್ದರೂ ಯಾರು ಎಷ್ಟಕ್ಕೆ ಕೇಳಿದರೆಂದು ತಿಳಿಯುವುದಿಲ್ಲ.

ಈ ವ್ಯಾಪಾರಿ ಪಕ್ಕದ ಪೇಟೆಯಲ್ಲಿ ಒಂದು ದೊಡ್ಡ ಕೊಟ್ಟಿಗೆ ಗೊತ್ತು ಮಾಡಿದ. ಊರಲ್ಲಿದ್ದ ಮನೆ ಮಾರಿ ಅಲ್ಲಿಗೆ ಹೋಗಬೇಕು. ಮನೆಗೂ ಅದೇ ವಲ್ಲಿ, ಅದೇ ಬೆರಳು. ಬೆರಳಿಗೊಂದು ಸಾವಿರ. ಐದು ಬೆರಳು ಬಂದರೆ ಕೊಟ್ಟಿಗೆ ತುಂಬ ದನ ಕಟ್ಟಬಹುದು, ಬರದಿದ್ದರೆ ಇಲ್ಲ.

ಅವನಿಗೆ ಒಂದು ಚಟವಿತ್ತು. ನಗಿಸುವ ಚಟ. ನಾಲ್ಕು ಜನ ಕಂಡರೆ ನಾಲಿಗೆ ತುರಿಸುತ್ತಿತ್ತು.

ಮೊದಲು ಬಂದವನು ಎರಡು ಬೆರಳು ಚಾಚಿದ. ವ್ಯಾಪಾರಿ ಕೈಬಿಟ್ಟು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಅವನು ಬೀದಿಗೆ ಕೇಳುವ ಹಾಗೆ, “ಎರಡಾ? ಎರಡಕ್ಕೆ ಹೊಸ್ತಿಲು ಬರುತ್ತೆ. ಕಿತ್ತುಕೊಡ್ಲಾ, ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?” ಎಂದ. ಎದುರು ಜಗಲಿಯವರು ನಕ್ಕರು. ಬಂದವನು ತಲೆ ತಗ್ಗಿಸಿಕೊಂಡು ಹೋದ.

ಇನ್ನೊಬ್ಬ ಎರಡು ಬೆರಳು ಚಾಚಿ ಮೂರನೆಯದನ್ನು ಅರ್ಧ ಮಡಚಿ ಎರಡೂವರೆ ಕೇಳಿದ. “ಅರ್ಧ ಮನೇಲಿ ನೀವಿರಿ, ಇನ್ನರ್ಧದಲ್ಲಿ ನಾವಿರ್ತೀವಿ. ಅಡುಗೆ ಮಾತ್ರ ನಿಮ್ಮನೆಯವರದ್ದು!” ಮತ್ತೆ ನಗು. ಆಮೇಲೆ ಮನೆ ನೋಡಲು ಯಾರಾದರೂ ಬಂದರೆಂದರೆ ಸಾಕು, ಜಗಲಿಯವರು ಕೆಲಸ ಬಿಟ್ಟು ಓಡಿಬರುತ್ತಿದ್ದರು.

“ರೀ, ನೀವು ಮನೆ ಮಾರ್ತಿದೀರೋ, ನಾಟಕ ಆಡ್ತಿದೀರೋ?” ಎಂದು ಹೆಂಡತಿ ಕೇಳಿದಳು.

“ಒಂದು ಆಗೋತನಕ ಇನ್ನೊಂದು ಇರ್ಲಿ ಬಿಡೇ” ಎಂದ.

ಒಂದು ದಿನ ದೂರದ ಊರಿನ ಒಬ್ಬ ರೈತ ಬಂದ. ಮಾತು ಕಡಿಮೆ. ಮನೆಯನ್ನು ಎರಡು ಸಲ ಸುತ್ತಿದ. ಬಾವಿ ನೀರು ಸೇದಿಸಿ ಕುಡಿದ. ಬಲಗೈ ಕಂಬಳಿಯೊಳಗೇ ಇತ್ತು. ಜಗಲಿಯವರು ಆಗಲೇ ಸೇರಿದ್ದರು. ವ್ಯಾಪಾರಿ ವಲ್ಲಿ ಹಾಸಿದ. ರೈತ ಅದರ ಕೆಳಗೆ ಕೈ ತಂದ. ವ್ಯಾಪಾರಿಯ ಕೈ ವಲ್ಲಿಯ ಕೆಳಗಿದ್ದರೂ ಕಣ್ಣು ಜಗಲಿಯ ಕಡೆಗಿತ್ತು. ಒಂದು, ಎರಡು, ಮೂರು. ಇನ್ನು ಹುಡುಕುವುದೇನು? ಮಾತು ಆಗಲೇ ಬಾಯಿಗೆ ಬಂದಿತ್ತು.

“ಅಲ್ಲಾ ಮಾರಾಯಾ, ನಿಮ್ಮವ್ವ ನಿನಗೆ ಐದು ಬೆರಳು ಕೊಟ್ಟಿಲ್ವಾ? ಮೂರೇನಾ?”

ಅಷ್ಟು ಜನ ಅಷ್ಟು ಜೋರಾಗಿ ಹಿಂದೆಂದೂ ನಕ್ಕಿರಲಿಲ್ಲ.

ರೈತ ವಲ್ಲಿ ಸರಿಸಿದ. ಕೈ ಹೊರಗೆ ಬಂತು. ಅದರಲ್ಲಿದ್ದದ್ದು ಮೂರೇ ಬೆರಳು.

“ಅವ್ವ ಐದೇ ಕೊಟ್ಟಿದ್ಲು ಯಜಮಾನ್ರೇ. ಎರಡನ್ನ ಕಬ್ಬಿನ ಗಾಣ ತಗೊಂತು. ನಮ್ಮ ಕಡೆ ಸಂತೇಲಿ ನನ್ನ ಇಡೀ ಕೈ ಅಂದ್ರೆ ಐದು ಅಂತ ಎಲ್ರಿಗೂ ಗೊತ್ತು. ಇಲ್ಲಿ ಮೊದ್ಲೇ ಹೇಳಬೇಕಿತ್ತು. ಇಷ್ಟು ಜನರ ಮುಂದೆ ನಾಚಿಕೆ ಆಯ್ತು, ಹೇಳ್ಲಿಲ್ಲ. ನಂದೇ ತಪ್ಪು.”

ಜಗಲಿಯವರಿಗೆ ಒಬ್ಬೊಬ್ಬರಿಗೇ ಏನೇನೋ ಕೆಲಸ ನೆನಪಾಯಿತು. ಎದ್ದು ಹೋದರು. ವ್ಯಾಪಾರಿ ಏನಾದರೊಂದು ಹೇಳಿ ಇದನ್ನು ಹಗುರ ಮಾಡೋಣವೆಂದು ಬಾಯಿ ತೆರೆದ. ಹುಟ್ಟಿದಂದಿನಿಂದ ಒಮ್ಮೆಯೂ ಕೈಕೊಡದ ನಾಲಿಗೆ ಅಂದು ಕೈಕೊಟ್ಟಿತು. ಅವನು ತಪ್ಪಾಯಿತು ಎನ್ನಲು ಹೋಗಿ ಬೆಲೆಯನ್ನೇ ಹೇಳಿದ.

“ಮೂರಕ್ಕೇ ತಗೊಳ್ಳಿ. ಮನೆ ನಿಮ್ದು.”

ರೈತ ಕಂಬಳಿ ಸರಿಮಾಡಿಕೊಂಡ. “ನಾನು ಕೇಳಿದ್ದು ಐದಕ್ಕೆ. ಮೂರಕ್ಕೆ ತಗೊಂಡ್ರೆ ದಿನಾ ಬಾಗಿಲು ತೆಗೆಯುವಾಗ ನನಗೆ ಬಾಗಿಲು ಕಾಣಲ್ಲ, ಈ ಕೈಯೇ ಕಾಣುತ್ತೆ.”

“ಹಾಗಾದ್ರೆ ಐದಕ್ಕೇ ತಗೊಳ್ಳಿ.”

“ಬೇಡ. ಇವತ್ತು ನಕ್ಕವರ ಎದುರು ಮನೇಲಿ ಇರೋಕೆ ನನ್ನಿಂದ ಆಗಲ್ಲ” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಮನೆಯಲ್ಲಿ ಹೆಂಡತಿ ಅನ್ನ ಬಡಿಸಿದಳು. ವ್ಯಾಪಾರಿಗೆ ಕೈ ಚಾಚಿ ತುತ್ತು ಎತ್ತಲಾಗಲಿಲ್ಲ; ತನ್ನ ಐದು ಬೆರಳನ್ನೂ ನೋಡುತ್ತ ಕೂತಿದ್ದ.

ಅಂದಿನಿಂದ ಅವನಿಗೆ ಒಂದು ಹೆದರಿಕೆ ಹತ್ತಿತು. ಸಂತೆಯಲ್ಲಿ ಯಾರಾದರೂ ಕೈ ಕೊಟ್ಟರೆ, ಬೆರಳು ಮುಟ್ಟುವ ಮೊದಲು ವಲ್ಲಿಯ ಅಂಚು ಎತ್ತಿ ಇಣುಕಿ ನೋಡುತ್ತಿದ್ದ. ನೋಡಿದ್ದು ಒಳ್ಳೆಯದಕ್ಕೇ. ಆದರೆ ವಲ್ಲಿ ಎತ್ತಿ ನೋಡುವವನ ಜೊತೆ ವ್ಯಾಪಾರ ಮಾಡುವವರು ಯಾರು? ಜನ ಅವನಿಂದ ದೂರ ಸರಿದರು. ಪೇಟೆಯ ಕೊಟ್ಟಿಗೆ ಬೇರೆಯವರ ಪಾಲಾಯಿತು. ಮನೆಯ ಮುಂದೆ ಚಪ್ಪಲಿ ಬಿಡುವವರೂ ಇಲ್ಲದಾದರು.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಯ್ಯ “ಆದರೂ ಗುರುಗಳೇ, ನನ್ನ ಮನೆ ಕೇಳಿದವನ ಎರಡು ಕೈಯೂ ನೆಟ್ಟಗಿದ್ದವು. ನಿಜವಾಗಿಯೂ ಕಡಿಮೆಗೇ ಕೇಳಿದ, ಅದಕ್ಕೇ ನಾಲ್ಕು ಜನರ ಮುಂದೆ ಆಡಿಕೊಂಡೆ. ಹಾಗೆ ಕೇಳಿದವನಿಗೆ ಸುಮ್ಮನೆ ಕೊಟ್ಟುಬಿಡಬೇಕೆ?” ಎಂದ.

ಗುರುಗಳೆಂದರು: “ಕೊಡಬೇಡಪ್ಪ, ಆದರೆ ‘ಆಗುವುದಿಲ್ಲ’ ಎನ್ನಲು ಒಂದೇ ಮಾತು ಸಾಕಿತ್ತು, ನೀನು ಎಷ್ಟು ಆಡಿ ಬಂದೆ?”