ಮಣ್ಣು ಬೆಳೆದ ಮಾಲಿ

“ಗುರುಗಳೇ, ದುಃಖಕ್ಕೆ ಎಷ್ಟು ದಿನ?”

ಕೇಳಿದವನು ಕೆಂಚಯ್ಯ. ಹೆಂಡತಿ ತೀರಿಕೊಂಡ ಮೇಲೆ ಮಠಕ್ಕೆ ಬಂದು ಸೇರಿದವನು. ಬಂದು ವರ್ಷವಾಗಿತ್ತು. ಅವಳ ಕನ್ನಡಕವನ್ನು ಇನ್ನೂ ತನ್ನ ಬಟ್ಟೆಗಂಟಿನಲ್ಲಿ ಇಟ್ಟುಕೊಂಡಿದ್ದ. ಮಠದ ಹಿರಿಯರೊಬ್ಬರು ಅದನ್ನು ಕಂಡು, ವರ್ಷ ಕಳೆಯಿತಲ್ಲ, ಇನ್ನು ಹೊಳೆಗೆ ಬಿಡು ಎಂದಿದ್ದರು. ಅವನಿಗೆ ಆಗಿರಲಿಲ್ಲ.

ಗುರುಗಳು ಬತ್ತಿ ಹೊಸೆಯುತ್ತಿದ್ದರು. ಕೂತುಕೋ ಎಂದರು. ಅವನು ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತ.

“ಒಬ್ಬ ಮಾಲಿ ಇದ್ದ,” ಎಂದರು.

ಬೆಟ್ಟದ ಮೇಲಿನ ಊರು. ಅಲ್ಲಿ ಒಬ್ಬ ಕಾಫಿ ವ್ಯಾಪಾರಿಯ ಮನೆ. ಆ ಮನೆಯ ಹೂದೋಟವನ್ನು ಮಾಲಿಯೂ ಅವನ ಹೆಂಡತಿಯೂ ನೋಡಿಕೊಳ್ಳುತ್ತಿದ್ದರು. ಮರದ ನೆರಳಿಗೆ ಎರಡು ಪಾತಿ, ಜಗಲಿಯಲ್ಲಿ ಹನ್ನೆರಡು ಕುಂಡ. ಎಲ್ಲದರಲ್ಲೂ ಬಿಗೋನಿಯಾ. ಗೆಡ್ಡೆಯಿಂದ ಏಳುವ ಜಾತಿ. ಮಳೆಗಾಲವೆಲ್ಲ ಅಂಗೈ ಅಗಲದ ಹೂ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಇಬ್ಬರಲ್ಲಿ ಕೆಲಸ ಹಂಚಿಹೋಗಿತ್ತು. ಮಣ್ಣು ಅವನದು, ಗೆಡ್ಡೆ ಅವಳದು. ಎಲೆಗೊಬ್ಬರ ಹೊರುವುದು, ಮರಳು ಜರಡಿ ಹಿಡಿಯುವುದು, ಪಾತಿ ಅಗೆಯುವುದು ಅವನು. ಗುಳಿ ಇರುವ ಕಡೆ ಮೇಲೆ ಬರುವ ಹಾಗೆ ಗೆಡ್ಡೆ ಕೂರಿಸುವುದು ಅವಳು. ಅದನ್ನು ಮುಟ್ಟಲು ಅವನಿಗೆ ಬಿಡುತ್ತಿರಲಿಲ್ಲ.

“ನಿನ್ನ ಕೈಗೆ ಅವಸರ ಜಾಸ್ತಿ ಕಣಯ್ಯಾ. ನೀನು ಮಣ್ಣು ತಕ್ಕೊಂಬಾ,” ಎನ್ನುತ್ತಿದ್ದಳು.

ಒಂದು ವರ್ಷ ಮಳೆ ನಿಲ್ಲುವ ಹೊತ್ತಿಗೆ ಅವಳಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದಳು. ಐದನೆಯ ದಿನ ಅವಳಿರಲಿಲ್ಲ.

ತಿಥಿ ಮುಗಿಸಿ ಮಾಲಿ ಕೆಲಸಕ್ಕೆ ಬಂದಾಗ ಗಿಡಗಳೆಲ್ಲ ಹಳದಿಯಾಗಿದ್ದವು. ವರ್ಷವರ್ಷವೂ ಆಗುತ್ತಿದ್ದದ್ದೇ. ಆದರೆ ಆಗ ಅವಳಿದ್ದಳು, ಅವನು ನೋಡಿರಲಿಲ್ಲ. ಈಗ ಇವೂ ಹೋಗುತ್ತಿವೆ ಅನ್ನಿಸಿತು. ನೀರು ಹೊಯ್ದ. ಬೆಳಿಗ್ಗೆ ಹೊಯ್ದ, ಸಂಜೆ ಮತ್ತೆ ಹೊಯ್ದ. ಹದಿನೈದು ದಿನಕ್ಕೆ ಪಾತಿ ಅಗೆದು ನೋಡಿದರೆ ಗೆಡ್ಡೆಗಳು ಬೆಂದ ಗೆಣಸಿನ ಹಾಗೆ ಬೆರಳಿಗೆ ಅಂಟಿದವು. ಪಾತಿಯಲ್ಲಿ ಒಂದೂ ಉಳಿದಿರಲಿಲ್ಲ; ನೀರು ಬಸಿದುಹೋಗುವ ಕುಂಡಗಳಲ್ಲಿ ಮಾತ್ರ ಗೆಡ್ಡೆ ಉಳಿದಿತ್ತು.

ಅವಳ ತಮ್ಮ ನೋಡಲು ಬಂದ. ಒಳ್ಳೆಯವನೇ. ಕುಂಡಗಳಲ್ಲಿ ಬಾಡಿ ನಿಂತ ಕಾಂಡ ಕಂಡು, “ಇವನ್ನೇ ನೋಡ್ತಾ ಕೂತರೆ ಸಂಕಟ ಜಾಸ್ತಿ ಭಾವ,” ಎಂದು ನಾಲ್ಕು ಕುಂಡದ ಕಾಂಡ ಕಿತ್ತುಹಾಕಿದ. ಕಿತ್ತ ಕಡೆ ಗೆಡ್ಡೆಗೆ ಗಾಯವಾಯಿತು. ಆ ನಾಲ್ಕೂ ಕೊಳೆತವು.

ಆಗ ಮಾಲಿಗೆ ಅವಳ ಮಾತು ನೆನಪಿಗೆ ಬಂತು. ಯಾವತ್ತೋ ಮಣ್ಣಿನ ಬುಟ್ಟಿ ಇಳಿಸುವಾಗ ಕಿವಿಗೆ ಬಿದ್ದದ್ದು. ಕಾಂಡ ತಾನಾಗಿ ಬೀಳಬೇಕು. ಬಿದ್ದ ಮೇಲೆ ನೀರು ಬೇಡ. ಹೆಬ್ಬೆರಳಿನಲ್ಲಿ ಒತ್ತಿ ನೋಡು, ಗಟ್ಟಿಯಾಗಿದ್ದರೆ ಅದು ಮಲಗಿದೆ.

ಉಳಿದದ್ದು ಎಂಟು ಕುಂಡ. ಹನಿ ತಾಕದ ಹಾಗೆ ಗೋಡೆಗೆ ಒತ್ತಿ ಇಟ್ಟ. ನೀರು ನಿಲ್ಲಿಸಿದ. ಕಾಂಡಗಳು ಒಂದೊಂದಾಗಿ ತಾವೇ ಬಿದ್ದವು. ಆಮೇಲೆ ಎಂಟು ಕುಂಡದಲ್ಲೂ ಬರೀ ಮಣ್ಣು. ವಾರಕ್ಕೊಮ್ಮೆ ಬೆರಳು ಇಳಿಸಿ ಒತ್ತುತ್ತಿದ್ದ. ಗಟ್ಟಿ. ಮತ್ತೆ ಮಣ್ಣು ಮುಚ್ಚುತ್ತಿದ್ದ.

ಮನೆಯ ಅಡುಗೆಯವಳು ನಕ್ಕಳು. “ಏನಣ್ಣಾ, ಈ ಸಲ ಮಣ್ಣು ಬೆಳೀತಿದ್ದೀಯಾ?”

“ಹೂಂ, ಮಣ್ಣೇ. ಬಲಿತ ಮೇಲೆ ನಿನ್ನ ಹುಳಿಗೂ ಒಂದು ಹಿಡಿ ಕೊಡ್ತೀನಿ.”

ವ್ಯಾಪಾರಿ ನಗುವವನಲ್ಲ. ಯುಗಾದಿಗೆ ಅವನ ಬೀಗರು ಬರುವವರಿದ್ದರು. ಅಷ್ಟರಲ್ಲಿ ಜಗಲಿ ಹಸಿರಾಗಬೇಕಿತ್ತು. ಕುಂಡಗಳ ಮುಂದೆ ಬಂದು ನಿಂತ.

“ಎಷ್ಟು ದಿನ ಆಯ್ತು?”

“ಮೂರು ತಿಂಗಳು, ಯಜಮಾನ್ರೇ.”

“ನಮ್ಮ ತಾಯಿ ಹೋದಾಗ ಹದಿನಾಲ್ಕನೇ ದಿನ ನಾನು ಅಂಗಡಿ ಬಾಗಿಲು ತೆಗೆದೆ. ಎಲ್ಲದಕ್ಕೂ ಒಂದು ಮಿತಿ ಇರಬೇಕಪ್ಪ. ಇವು ಸತ್ತಿವೆ. ಎಸಿ.”

“ಸತ್ತಿಲ್ಲ. ಕೈ ಹಾಕಿ ನೋಡಿ. ಮೆತ್ತಗಿದ್ದರೆ ನಾನೇ ಎಸೀತೀನಿ.”

ವ್ಯಾಪಾರಿ ತನ್ನ ಬಿಳಿ ಅಂಗಿಯ ತೋಳು ನೋಡಿಕೊಂಡ. “ಶಿವರಾತ್ರಿವರೆಗೆ ಇರಲಿ,” ಎಂದು ಒಳಗೆ ಹೋದ.

ಅಂದಿನಿಂದ ಅಂಗಡಿಗೆ ಹೊರಡುವಾಗಲೆಲ್ಲ ಕುಂಡದ ಮುಂದೆ ನಿಂತು, ಇನ್ನು ಇಷ್ಟು ದಿನ ಎಂದು ಹೇಳಿ ಹೋಗುತ್ತಿದ್ದ. ಅಡುಗೆಯವಳೂ ಹೇಳತೊಡಗಿದಳು. ಅವಳ ಬಾಯಲ್ಲಿ ಅದೊಂದು ಆಟ. ಹೆಂಡತಿಯ ತಮ್ಮ ಸಂತೆಗೆ ಬಂದಾಗ ಅವನೂ ಕೇಳಿದ: “ಇನ್ನೂ ಎಷ್ಟು ದಿನ ಭಾವ ಹೀಗೆ?” ಕುಂಡದ ವಿಷಯ ಕೇಳಿದನೋ ಬೇರೆ ಕೇಳಿದನೋ, ಮಾಲಿಗೆ ತಿಳಿಯಲಿಲ್ಲ.

ಅವನಿಗೂ ಸಾಕೆನಿಸಿದ ದಿನವಿತ್ತು. ಒಂದು ಮಧ್ಯಾಹ್ನ ಕುಂಡವೊಂದನ್ನು ತಿಪ್ಪೆಯವರೆಗೂ ಹೊತ್ತುಕೊಂಡು ಹೋದ. ಸುರಿಯುವ ಮುಂಚೆ ಬೆರಳು ಇಳಿಸಿದ. ಗಟ್ಟಿಯಾಗಿತ್ತು. ಹೊತ್ತು ತಂದು ಅದರ ಜಾಗದಲ್ಲೇ ಇಟ್ಟ. ಇನ್ನೊಂದು ದಿನ, ಒಂದು ಚೊಂಬು ನೀರು ಹೊಯ್ದರೆ ಬೇಗ ಎದ್ದೀತು ಅನ್ನಿಸಿತು. ಚೊಂಬು ಬಗ್ಗಿಸಿದ್ದ. ನಿನ್ನ ಕೈಗೆ ಅವಸರ ಜಾಸ್ತಿ ಕಣಯ್ಯಾ. ಚೊಂಬು ಕೆಳಗಿಟ್ಟ. ಆ ನೀರನ್ನು ತಾನೇ ಕುಡಿದ.

ಶಿವರಾತ್ರಿ ಬಂತು, ಹೋಯಿತು. ಮಣ್ಣು ಮಣ್ಣಾಗಿಯೇ ಇತ್ತು. ಮಾರನೆಯ ಬೆಳಿಗ್ಗೆ ವ್ಯಾಪಾರಿ ಒಂದು ಬುಟ್ಟಿ ಚೆಂಡುಹೂವಿನ ಸಸಿ ತರಿಸಿದ.

“ಕುಂಡ ಖಾಲಿ ಮಾಡು. ಇವನ್ನ ನೆಡು.”

“ಆಗಲ್ಲ.”

“ಆಗಲ್ಲ ಅಂದರೆ? ಕುಂಡ ಯಾರದು?”

ಮಾಲಿ ಯೋಚನೆ ಮಾಡಿದ. ಅದು ನಿಜವೇ. ಕುಂಡ ವ್ಯಾಪಾರಿಯದು. ಅವನು ಕುಕ್ಕುರುಗಾಲಲ್ಲಿ ಕೂತು ಒಂದು ಕುಂಡ ಮಗುಚಿದ. ಗೆಡ್ಡೆ ಎತ್ತಿಕೊಂಡು ಮಣ್ಣು ಉದುರಿಸಿದ, ಒತ್ತಿ ನೋಡಿದ, ಹೆಗಲ ಮೇಲಿನ ಟವೆಲು ಹಾಸಿ ಅದರ ಮೇಲೆ ಇಟ್ಟ. ಹಾಗೆಯೇ ಏಳು ಕುಂಡ ಮುಗಿಯಿತು. ಎಂಟನೆಯದನ್ನು ಎತ್ತಿದಾಗ ಗೆಡ್ಡೆಯ ಗುಳಿಯಲ್ಲಿ ಕೆಂಪಗೆ ಏನೋ ಕಂಡಿತು. ರಾಗಿಕಾಳಿನಷ್ಟು. ಮಣ್ಣಿನ ಕಣವೆಂದು ಊದಿದ. ಅದು ಹೋಗಲಿಲ್ಲ.

ಮೊಳಕೆ.

ವ್ಯಾಪಾರಿ ಎರಡು ಮಾರು ದೂರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಮಾಲಿ ಗೆಡ್ಡೆಯನ್ನು ಅವನ ಕಡೆ ತಿರುಗಿಸಲಿಲ್ಲ. ಉಳಿದವುಗಳ ಜೊತೆ ಸೇರಿಸಿ ಟವೆಲು ಗಂಟು ಹಾಕಿದ. ಎಂಟು ಕುಂಡವನ್ನೂ ತೊಳೆದ. ಬೋರಲು ಹಾಕಿ ಸಾಲಾಗಿ ಜೋಡಿಸಿದ. ಆಮೇಲೆ ಎದ್ದು ನಿಂತ.

“ಕುಂಡ ನಿಮ್ಮದು, ಯಜಮಾನ್ರೇ. ಮಣ್ಣೂ ನಿಮ್ಮದೇ. ಗೆಡ್ಡೆ ಅವಳದು.”

ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟಿ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇನ್ನೊಂದು ಬತ್ತಿ ಹೊಸೆದರು.

ಕೆಂಚಯ್ಯನಿಗೆ ತಡೆಯಲಾಗಲಿಲ್ಲ. “ಮೊಳಕೆ ಬಂದಿತ್ತಲ್ಲ ಗುರುಗಳೇ. ತೋರಿಸಿದ್ದರೆ ಕೆಲಸವೂ ಉಳೀತಿತ್ತು, ಮಾಲಿಯ ಮಾತೂ ಗೆಲ್ತಿತ್ತು. ಯಾಕೆ ತೋರಿಸಲಿಲ್ಲ?”

ಗುರುಗಳು ಅವನ ಮಡಿಲಲ್ಲಿದ್ದ ಬಟ್ಟೆಗಂಟನ್ನು ನೋಡಿದರು.

“ದಿನ ಎಣಿಸಿದವರಲ್ಲಿ ಯಾರು ಮಣ್ಣಿಗೆ ಕೈ ಹಾಕಿದ್ದರು, ಕೆಂಚಯ್ಯ?”