ಮೂರು ಮುಷ್ಟಿಯ ಪಿಸ್ತೂಲು

“ಗುರುಗಳೇ, ನಾಳೆ ಜನರ ಮುಂದೆ ಮಾತಾಡುವಾಗ ನಿಮ್ಮ ಮಾತಿನಲ್ಲಿ ಒಂದು ಪದ ಬದಲಾಯಿಸಿದರೂ ತಪ್ಪಾಗುವುದೇ?” ಎಂದು ಕರಿಬಸವ ಕೇಳಿದ.

ಕರಿಬಸವ ಒಂಬತ್ತು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಗುರುಗಳಿಗೆ ವಯಸ್ಸಾಗಿತ್ತು, ದಮ್ಮಿನ ಕಾಯಿಲೆಯೂ ಇತ್ತು. ಸೋಮವಾರದ ಪ್ರವಚನವನ್ನು ಮೊದಲ ಸಲ ಅವನಿಗೆ ಒಪ್ಪಿಸಿದ್ದರು. ಅವನು ಗುರುಗಳ ಒಂದು ಪ್ರವಚನವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದ. ಬೆಳಿಗ್ಗೆ ಅವರ ಮುಂದೆ ಒಪ್ಪಿಸುವಾಗ ನಾಲ್ಕು ಕಡೆ ತಡವರಿಸಿದ, ಮೂರು ಸಲ ಕೆಮ್ಮಿದ, ಕೊನೆಗೆ ಬೆವರು ಒರೆಸಿಕೊಂಡು ಕೂತುಬಿಟ್ಟ.

ಗುರುಗಳು ನೇರ ಉತ್ತರ ಕೊಡಲಿಲ್ಲ. ಕಾಲು ನೀಡಿಕೊಂಡು ಕೂತು ಕತೆ ಹೇಳಿದರು.

ಒಂದು ಘಾಟಿಯಲ್ಲಿ ಒಬ್ಬ ಕಾವಲುಗಾರನಿದ್ದ. ದಾರಿಹೋಕರನ್ನು ಕಳ್ಳರ ಕೈಗೆ ಸಿಗದಂತೆ ಘಾಟಿ ದಾಟಿಸುವುದು ಅವನ ಕೆಲಸ. ಅವನಿಗಿಂತ ಮೊದಲು ಅವನ ಅಪ್ಪ ಅದೇ ಕೆಲಸ ಮಾಡಿದ್ದ. ಮನೆಯಲ್ಲಿ ಒಂದು ಪಿಸ್ತೂಲಿತ್ತು. ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ ಹಚ್ಚಿ ಹಚ್ಚಿ, ಹಿಡಿಗೆ ಸುತ್ತಿದ್ದ ತೊಗಲು ಕೆಂಪಗಾಗಿತ್ತು. ಪೂಜೆಗೊಂಡ ಆಯುಧಕ್ಕೆ ಉಳಿ ತಾಗಿಸಬಾರದು ಎಂಬುದು ಆ ಮನೆಯವರ ನಂಬಿಕೆ.

ಕಾವಲುಗಾರನ ಕಣ್ಣು ಮಂಜಾಯಿತು. ಅವನಿಗೆ ಒಬ್ಬಳೇ ಮಗಳು. ಘಾಟಿಯ ಒಂದೊಂದು ತಿರುವೂ ಅವಳಿಗೆ ಗೊತ್ತಿತ್ತು. ಅಪ್ಪನ ಕಾವಲು ತನಗೇ ಬೇಕು ಎಂದಳು. ಆ ಸೀಮೆಯ ಪಾಳೆಯಗಾರ ಬೇಡ ಎನ್ನಲಿಲ್ಲ. ಆದರೆ ಅಲ್ಲೊಂದು ಕಟ್ಟಳೆ ಇತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಓಕುಳಿ ತುಂಬಿದ ಮಡಕೆ ಇಡುತ್ತಿದ್ದರು. ನಾಲ್ಕು ಗುಂಡಿನೊಳಗೆ ಅದನ್ನು ಒಡೆದವರಿಗೆ ಕಾವಲು. ತಪ್ಪಿದರೆ ಹದಿನೈದು ದಿನ ಬಿಟ್ಟು ಇನ್ನೊಂದು ಅವಕಾಶ. ಅದೂ ತಪ್ಪಿದರೆ ಕಾವಲು ಬೇರೆಯವರ ಪಾಲು, ಘಾಟಿಯ ಮೇಲಿನ ಮನೆಯೂ ಅವರ ಪಾಲು.

ಮಗಳು ಅಪ್ಪನ ಪಿಸ್ತೂಲು ಹಿಡಿದು ನಿಂತಳು. ಅಪ್ಪ ನಿಲ್ಲುತ್ತಿದ್ದ ಹಾಗೆಯೇ ನಿಂತಳು, ಅಪ್ಪನ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿದಳು. ನಾಲ್ಕು ಗುಂಡು ಹಾರಿಸಿದಳು. ನಾಲ್ಕೂ ಮಡಕೆಯ ಎಡಗಡೆ ಹೋದವು. ಓಕುಳಿ ಒಂದು ತೊಟ್ಟೂ ಚೆಲ್ಲಲಿಲ್ಲ. ಬಂದ ಅಳುವನ್ನು ಮನೆ ಸೇರುವವರೆಗೂ ತಡೆದುಕೊಂಡಳು.

ಆಮೇಲೆ ದಿನವೂ ಅಭ್ಯಾಸ ಮಾಡಿದಳು. ಮಣಿಕಟ್ಟು ಊದಿಕೊಂಡಿತು. ಗುಂಡು ಮಾತ್ರ ಎಡಕ್ಕೇ ಹೋಗುತ್ತಿತ್ತು. ಹತ್ತನೆಯ ದಿನ ಬೇಸತ್ತು ಪೇಟೆಗೆ ಇಳಿದು, ಬಂದೂಕು ರಿಪೇರಿ ಮಾಡುವ ಮುದಿ ಕಮ್ಮಾರನ ಮುಂದೆ ಪಿಸ್ತೂಲು ಇಟ್ಟಳು. ನಳಿಗೆ ಸೊಟ್ಟಗಾಗಿರಬೇಕು, ನೋಡು ಎಂದಳು.

ಕಮ್ಮಾರ ನಳಿಗೆ ನೋಡಲಿಲ್ಲ. ಅವಳ ಕೈ ನೋಡಿದ. ಪಿಸ್ತೂಲು ಹಿಡಿಯಲು ಹೇಳಿದ. ಕಣ್ಣು ಮುಚ್ಚಿ ಬಾಗಿಲ ಕಡೆಗೆ ಕೈ ಎತ್ತಲು ಹೇಳಿದ. ಎತ್ತಿದಳು. ಕಣ್ಣು ತೆರೆದು ನೋಡಿದರೆ ಪಿಸ್ತೂಲು ಬಾಗಿಲನ್ನು ಬಿಟ್ಟು ಪಕ್ಕದ ಗೋಡೆಗೆ ಗುರಿಯಿಟ್ಟಿತ್ತು. ಎಳೆದರೆ ಗುಂಡು ಹಾರುವ ಕುದುರೆಗೆ ಅವಳ ಬೆರಳಿನ ತುದಿ ಮಾತ್ರ ಮುಟ್ಟಿತ್ತು. ಅಷ್ಟು ಮುಟ್ಟಿಸುವುದಕ್ಕೂ ಅವಳು ಮಣಿಕಟ್ಟು ತಿರುಚಿಕೊಂಡಿದ್ದಳು.

ಕಮ್ಮಾರ ತನ್ನ ಗೂಡಿನಿಂದ ಬೇರೊಂದು ಪಿಸ್ತೂಲು ತೆಗೆದುಕೊಟ್ಟ. ಅದರ ಹಿಡಿ ಸಣ್ಣದು. ಈ ಸಲ ಕಣ್ಣು ತೆರೆದಾಗ ಪಿಸ್ತೂಲು ಬಾಗಿಲಿನ ಅಗುಳಿಯನ್ನೇ ನೋಡುತ್ತಿತ್ತು. ಹತ್ತು ದಿನದಲ್ಲಿ ಮೊದಲ ಬಾರಿಗೆ ಅವಳ ಮಣಿಕಟ್ಟು ನೋಯಲಿಲ್ಲ.

“ಕಣ್ಣು ಚೆನ್ನಾಗಿದೆ, ನಳಿಗೆಯೂ ಚೆನ್ನಾಗಿದೆ. ಹಿಡಿ ನಿನ್ನದಲ್ಲ. ಇದನ್ನು ತಗೊಂಡು ಹೋಗು, ಇಲ್ಲ ಅದರ ಹಿಡಿ ಕೆತ್ತಲು ಬಿಡು” ಎಂದ ಕಮ್ಮಾರ.

“ಬೇರೆಯದು ಬೇಡ. ಅದಕ್ಕೆ ಉಳಿಯನ್ನೂ ತಾಗಿಸಬೇಡ. ಅಜ್ಜ, ಅಪ್ಪ ಇಬ್ಬರೂ ಹಿಡಿದ ಹಿಡಿ ಅದು. ತಪ್ಪು ನನ್ನ ಕೈಯದು” ಎಂದಳು ಮಗಳು.

ಕಮ್ಮಾರ ವಾದ ಮಾಡಲಿಲ್ಲ. ಏಣಿ ಹತ್ತಿ ಅಟ್ಟದಿಂದ ಸುಟ್ಟ ಮಣ್ಣಿನ ಎರಡು ಉಂಡೆ ತಂದ. ಯಾರಿಗೇ ಪಿಸ್ತೂಲು ಮಾಡಿಕೊಡಲಿ, ಹಸಿ ಜೇಡಿಮಣ್ಣನ್ನು ಅವರ ಮುಷ್ಟಿಯಲ್ಲಿ ಹಿಂಡಿಸಿ, ಆ ಅಳತೆಗೆ ಹಿಡಿ ಕೂರಿಸುವುದು ಅವನ ಮನೆಯ ಪದ್ಧತಿ. ಆಮೇಲೆ ಆ ಉಂಡೆಯನ್ನು ಸುಟ್ಟು, ಗುರುತು ಹಾಕಿ ಇಡುತ್ತಿದ್ದರು.

ಒಂದು ಅವಳ ಅಜ್ಜನ ಮುಷ್ಟಿ. ಅದರಲ್ಲಿ ಅವಳ ಎರಡು ಕೈ ಹಿಡಿಯುವಂತಿತ್ತು. ಇನ್ನೊಂದು ಅವಳ ಅಪ್ಪನ ಮುಷ್ಟಿ. ಅದು ಅಜ್ಜನದಕ್ಕಿಂತ ಎಷ್ಟೋ ಸಣ್ಣದು.

ಕಮ್ಮಾರ ಹಿಡಿಯ ತೊಗಲನ್ನು ಬಿಚ್ಚಿದ. ಒಳಗಿನ ಮರದ ತುಂಬ ಉಳಿಯ ಗಾಯಗಳು. ಅವು ಹಳೆಯವಾಗಿ ನುಣುಪಾಗಿದ್ದವು. ನಿನ್ನಪ್ಪನೂ ಇಲ್ಲೇ ನಿಂತಿದ್ದ, ನಿನಗಿಂತ ಹೆಚ್ಚು ಹಟ ಮಾಡಿದ್ದ, ಕೆತ್ತಿ ಮುಗಿಸಿದ ಮೇಲೆ ಅವರಪ್ಪನಿಗೆ ತಿಳಿಯದಿರಲಿ ಎಂದು ಅವನೇ ತೊಗಲು ಸುತ್ತಿಸಿಕೊಂಡು ಹೋದ ಎಂದು ಕಮ್ಮಾರ ಹೇಳಿದ.

ಮಗಳು ಬಹಳ ಹೊತ್ತು ಆ ಗಾಯಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅವಳಿಗೆ ನಗು ಬಂತು. ಅಳುವನ್ನು ತಡೆದಿದ್ದವಳಿಗೆ ನಗುವನ್ನು ತಡೆಯಲಾಗಲಿಲ್ಲ. ಜೇಡಿಮಣ್ಣು ಕೊಡು ಎಂದು ಕೈ ಚಾಚಿದಳು. ಕಮ್ಮಾರ ಅವಳ ಮುಷ್ಟಿಯ ಅಳತೆಗೆ ಮರ ಕೆತ್ತಿದ. ನಳಿಗೆಗೆ ಮಾತ್ರ ಕೈ ಹಚ್ಚಲಿಲ್ಲ. ಅದು ಗುಂಡು ಹೋಗುವ ದಾರಿ, ಅದನ್ನು ಮುಟ್ಟುವ ಹಕ್ಕು ನನಗಿಲ್ಲ ಎಂದ. ಕೊನೆಗೆ ಅವಳೂ ಹಿಡಿಗೆ ಹಳೆಯ ತೊಗಲನ್ನೇ ಸುತ್ತಿಸಿಕೊಂಡಳು.

ಹದಿನೈದನೆಯ ದಿನ ಮತ್ತೆ ಮಡಕೆ ಇಟ್ಟರು. ಅಪ್ಪ ಪಾಳೆಯಗಾರನ ಪಕ್ಕದಲ್ಲಿ ಕೂತಿದ್ದ. ಮಡಕೆ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಮಗಳು ಈ ಸಲ ಅಪ್ಪನ ಹಾಗೆ ನಿಲ್ಲಲಿಲ್ಲ. ತನಗೆ ಹೇಗೆ ಹಿತವೋ ಹಾಗೆ ನಿಂತಳು. ಮೊದಲ ಗುಂಡು ಮಡಕೆಯ ಕಂಠವನ್ನು ಸವರಿಕೊಂಡು ಹೋಯಿತು. ಎರಡನೆಯದಕ್ಕೆ ಮಡಕೆ ಚೂರಾಯಿತು. ಓಕುಳಿ ಹಾರಿ ಮುಂದೆ ನಿಂತಿದ್ದವರ ಪಂಚೆಯೆಲ್ಲ ಕೆಂಪಾಯಿತು. ಒಡೆದ ಸದ್ದು ಕೇಳಿ ಅಪ್ಪ ಎದ್ದು ನಿಂತ.

ಮಗಳು ಓಡಿಬಂದು ಕಾಲಿಗೆ ಬಿದ್ದಳು. ಅಪ್ಪ ಪಿಸ್ತೂಲಿಗೆ ಕೈ ಚಾಚಿದ. ಕೊಡದೆ ಇರುವಂತಿರಲಿಲ್ಲ, ಕೊಟ್ಟಳು. ಅವನು ಹಿಡಿದು ನೋಡಿದ. ಕಿರುಬೆರಳಿಗೆ ಜಾಗವಿರಲಿಲ್ಲ. ಇನ್ನೊಮ್ಮೆ ಹಿಡಿದು ನೋಡಿದ.

“ಆ ಕಮ್ಮಾರ ನನ್ನ ಗುಟ್ಟು ಬಿಟ್ಟುಕೊಟ್ಟನೇನೇ?” ಎಂದು ಕೇಳಿದ.

“ತೊಗಲು ಬಿಚ್ಚಿದಾಗ ಪಿಸ್ತೂಲೇ ಹೇಳಿತಪ್ಪ” ಎಂದಳು.

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತನ್ನ ಕೈಗೆ ಕೂರದ ಪಿಸ್ತೂಲನ್ನು ಮಗಳ ಕೈಗಿಟ್ಟ. ಆ ಮನೆಯಲ್ಲಿ ಅಷ್ಟು ಸಂತೋಷದ ದಿನ ಅದಕ್ಕೆ ಮೊದಲು ಬಂದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಮುಖ ಅರಳಿತ್ತು. ಆದರೂ ಅವನ ಮನಸ್ಸಿನಲ್ಲಿ ಒಂದು ಅಳುಕು ಉಳಿದಿತ್ತು.

“ಕಮ್ಮಾರನಿಗೆ ನಳಿಗೆ ಯಾವುದು, ಹಿಡಿ ಯಾವುದು ಎಂದು ಗೊತ್ತಿತ್ತು. ನಿಮ್ಮ ಮಾತಿನಲ್ಲಿ ಮುಟ್ಟಬಾರದ್ದು ಯಾವುದು, ಕೆತ್ತಬಹುದಾದ್ದು ಯಾವುದು ಎಂದು ನಾನು ಹೇಗೆ ತಿಳಿಯಲಿ ಗುರುಗಳೇ?” ಎಂದ.

“ಬೆಳಿಗ್ಗೆ ನೀನು ನಾನು ಕೆಮ್ಮುವ ಜಾಗದಲ್ಲೇ ಮೂರು ಸಲ ಕೆಮ್ಮಿದೆಯಲ್ಲ, ಅಲ್ಲಿಂದ ಶುರು ಮಾಡು, ಅದು ನನ್ನ ದಮ್ಮಿನ ಕೆಮ್ಮು” ಎಂದರು ಗುರುಗಳು.