ದುಂಡು ಹರಿಗೋಲಿನ ಮುಂದು

ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ಒಬ್ಬ ಗುರು ಇದ್ದ. ಮಠವಿರಲಿಲ್ಲ. ಒಂದು ಹರಿಗೋಲು, ಒಂದು ಬೀಸುಬಲೆ, ಅಷ್ಟೆ. ಹೆಸರು ಹುಲುಗಪ್ಪ.

ಶಿಷ್ಯನೂ ಒಬ್ಬನೇ. ಯಂಕೋಬ. ನಲವತ್ತು ದಾಟಿ, ತಲೆ ನರೆತ ಮೇಲೆ ಮೀನು ಹಿಡಿಯಲು ಕಲಿಯಬಂದವನು.

ಆಳದ ನೀರಿನ ಮೀನು ಹಿಡಿಯುವುದನ್ನು ಗುರು ಕಲಿಸಿದ್ದ. ತೆಳುನೀರಿನದು ಬಾಕಿ ಇತ್ತು. ಸೊಂಟದ ಮಟ್ಟದ ನೀರಿನಲ್ಲಿ ಹರಿಗೋಲು ಹತ್ತಿರ ಬರುವ ಮೊದಲೇ ಮೀನು ಓಡುತ್ತದೆ. ದೂರದಿಂದಲೇ ಕಾಣಬೇಕು.

ಹಾಗೆ ಮೀನನ್ನು ಕಾಣುತ್ತಿದ್ದವಳು ಗುರುವಿನ ಹೆಂಡತಿ ಪಾರವ್ವ. ಮೂವತ್ತು ವರ್ಷ ಹರಿಗೋಲಿಗೆ ಹುಟ್ಟು ಹಾಕಿದವಳು. ಮೊಣಕೈವರೆಗೆ ಹಸಿರು ಬಳೆ.

ಅವಳು ತೀರಿಹೋದ ದಿನ ಗುರು ಹರಿಗೋಲನ್ನು ಬೋರಲು ಹಾಕಿದ. ಮತ್ತೆ ನೀರಿಗೆ ಇಳಿಯಲಿಲ್ಲ.

ವರ್ಷವಾಯಿತು.

"ಅಜ್ಜಾರ, ತೆಳುನೀರಿಂದು ಕಲಸ್ರಿ," ಎಂದು ಯಂಕೋಬ ಕೇಳುತ್ತಲೇ ಇದ್ದ.

"ಅದು ಒಬ್ಬರಿಂದ ಆಗೂದಲ್ಲ."

"ನಾ ಅದೀನಲ್ರಿ."

"ನೀ ಅದಿ. ಮುಂದ ನೋಡಾಕಿ ಇಲ್ಲ."

ವಿದ್ಯೆ ಹೋದರೆ ಹೋಗಲಿ. ಮುದುಕ ಹೀಗೆ ದಂಡೆಯ ಮೇಲೆ ಕೂತು ಕೂತೇ ಕರಗಿಹೋಗುತ್ತಾನಲ್ಲ ಎಂಬುದು ಯಂಕೋಬನ ಸಂಕಟ.

ಒಂದು ಮುಂಜಾನೆ ಅವನು ಒಂದು ಡಬ್ಬಿ ಹೊತ್ತು ಬಂದ. ಗೋವಾದಲ್ಲಿ ಬೋಟು ನಡೆಸುವ ಭಾವ ಕೊಟ್ಟದ್ದು. ಒಳಗೆ ಒಂದು ಪರದೆ, ಒಂದು ಬ್ಯಾಟರಿ, ಒಂದು ಕೋಲು. ಕೋಲಿನ ತುದಿಗೆ ಕಪ್ಪನೆಯದೊಂದು ಗಟ್ಟಿ.

"ಏನಲೇ ಇದು?"

"ಮೀನ ಹುಡುಕೋ ಮಿಷನ್ ರೀ. ಹಳೇವು ಬರೀ ತೆಳಗ ನೋಡತಿದ್ವು. ಇದು ಮುಂದ ನೋಡತೈತಿ."

ಗುರು ಡಬ್ಬಿ ನೋಡಿದ. ಹರಿಗೋಲು ನೋಡಿದ.

ಯಂಕೋಬ ಹರಿಗೋಲನ್ನು ಮಗುಚಿ ನೀರಿಗೆ ಬಿಟ್ಟ. ಅಂಚಿಗೆ ಕೋಲು ಕಟ್ಟಿದ. ತುದಿ ನೀರಲ್ಲಿ ಮುಳುಗಿತು. ಹುಟ್ಟು ಹಾಕಿದ.

ಹರಿಗೋಲು ಗಿರ್ರನೆ ತಿರುಗಿತು.

ಪರದೆಯಲ್ಲಿ ಮೀನು ಬಂತು, ಹೋಯಿತು. ಹುಲ್ಲು ಬಂತು. ಕಲ್ಲು ಬಂತು. ನೀರಿಗಿಳಿದ ಎಮ್ಮೆಯ ನಾಲ್ಕು ಕಾಲು ಬಂದವು. ಮತ್ತೆ ಮೀನು. ಮತ್ತೆ ಎಮ್ಮೆ.

ದಂಡೆಯಿಂದ ಏನೋ ಸದ್ದು. ಯಂಕೋಬ ತಿರುಗಿ ನೋಡಿದ. ಗುರು ಹೊಟ್ಟೆ ಹಿಡಿದು ನಗುತ್ತಿದ್ದ. ವರ್ಷದ ಮೇಲೆ ಬಂದ ನಗು. ಕೆಮ್ಮು ಕೂಡಿ ಬರುತ್ತಿತ್ತು.

"ಎಮ್ಮಿ ಹಿಡದಿ ಏನಲೇ?"

"ಇದು ಮುಂದನ ನೋಡತೈತ್ರಿ! ಹರಿಗೋಲ ನಿಲ್ಲವಲ್ದು!"

"ದುಂಡಗಿದ್ದದ್ದಕ್ಕ ಮುಂದು ಎಲ್ಲಿಂದ ತರ್ತಿ?"

"ನೀವ ಬಂದು ತೋರಸ್ರಿ ಮತ್ತ!"

ನಗು ನಿಂತಿತು. ಯಂಕೋಬ ನಾಲಿಗೆ ಕಚ್ಚಿಕೊಂಡ.

ಗುರು ಎದ್ದ. ಆಮೇಲೆ ಧೋತರ ಎತ್ತಿ ಕಟ್ಟಿದ. ಬಲೆ ಹೆಗಲಿಗೆ ಹಾಕಿದ. ನೀರಿಗೆ ಇಳಿದ.

ಹರಿಗೋಲು ಹತ್ತಿ ಅಂಚಿನ ಸುತ್ತ ಕೈಯಾಡಿಸಿದ. ಒಂದು ಕಡೆ ಕೈ ನಿಂತಿತು. ಅಲ್ಲಿ ಹುಟ್ಟು ತಿಕ್ಕಿ ತಿಕ್ಕಿ ಬಿದಿರು ನುಣುಪಾಗಿತ್ತು.

"ಇದು ಮುಂದು."

"ಹೆಂಗ್ರಿ?"

"ಆಕಿ ಇಲ್ಲಿ ಕುಂದರತಿದ್ಲು. ಕೋಲು ಇಲ್ಲಿ ಕಟ್ಟು. ಇಲ್ಲೇ ಕುಂತು ನೀರ ನಿನ್ನ ಕಡೆ ಎಳಿ. ತಿರುಗೂದಿಲ್ಲ."

ಯಂಕೋಬ ಎಳೆದ. ಹರಿಗೋಲು ನೆಟ್ಟಗೆ ಹೋಯಿತು.

ಪರದೆ ತುಂಬ ಕಲ್ಲು, ಕಸ, ಗೀರು.

"ಎಷ್ಟ ದೂರ ನೋಡತೈತಿ?"

"ನೂರ ಅಡಿ ರೀ!"

"ನನ್ನ ಬಲಿ ಎಷ್ಟ ದೂರ ಬೀಳತೈತಿ?"

"ಹದಿನೈದು ಅಡಿ ರೀ."

"ಉಳದದ್ದ ನೋಡಿ ಏನ ಮಾಡ್ತಿ?"

ಯಂಕೋಬ ಗುಂಡಿ ಒತ್ತಿ ಮಿಷನ್ ನೋಡುವ ದೂರವನ್ನು ಇಳಿಸಿದ. ಕಸ ಹೋಯಿತು. ಎದುರಿಗೆ ನಾಲ್ಕು ಚುಕ್ಕಿ ಅಲ್ಲಾಡಿದವು.

"ಅಲ್ಲಿ ಅಜ್ಜಾರ! ಅಲ್ಲಿ! ಅಲ್ಲಿ!"

ಚುಕ್ಕಿ ಚದುರಿಹೋದವು.

"ಮೂವತ್ತ ವರ್ಷ ಆಕಿ ಒಮ್ಮೆರ ಒದರಲಿಲ್ಲ," ಎಂದ ಗುರು.

"ಮತ್ತ ಹೆಂಗ ಹೇಳತಿದ್ರು?"

"ಹುಟ್ಟು ನಿಲ್ಲಸತಿದ್ಲು. ಬಳಿ ಸಪ್ಪಳ ನಿಂತ್ರ ನಾ ಬಲಿ ಬೀಸತಿದ್ದೆ."

ಮತ್ತೆ ಚುಕ್ಕಿ ಕಂಡವು. ಯಂಕೋಬ ಹುಟ್ಟು ನಿಲ್ಲಿಸಿದ. ಉಸಿರೂ ನಿಲ್ಲಿಸಿದ.

ಬೆನ್ನ ಹಿಂದೆ ಗುರು ಬಲೆಯ ಅಂಚು ಹಲ್ಲಲ್ಲಿ ಕಚ್ಚಿ ನಿಂತಿದ್ದ. ಕಣ್ಣು ನೀರಿನ ಮೇಲೆ. ಕಿವಿ ಮಂದ. ಬಳೆಯಿಲ್ಲದ ಕೈಯ ಹುಟ್ಟು ನಿಂತದ್ದು ಅವನಿಗೆ ತಿಳಿಯಲಿಲ್ಲ. ಮೀನು ಹೋದವು.

ಮೂರನೆಯ ಸಲ ಯಂಕೋಬ ಹುಟ್ಟನ್ನು ತೊಡೆಯ ಮೇಲಿಟ್ಟ. ಪರದೆಯಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿದ. ಗುರುವಿನ ಪಾದ ಮುಟ್ಟಿದ.

ತಲೆಯ ಮೇಲಿಂದ ಬಲೆ ಹಾರಿತು. ದುಂಡಗೆ ಅರಳಿತು. ದುಂಡಗೆ ಬಿತ್ತು.

ಎಳೆದಾಗ ತೋಳುದ್ದದ ಎರಡು ಬಾಳೆಮೀನು. ಹರಿಗೋಲಿನೊಳಗೆ ದಬದಬ ಬಡಿದಾಡಿದವು. ಇಬ್ಬರ ಮೈಯೂ ಒದ್ದೆ. ಪರದೆಯೂ ಒದ್ದೆ.

"ಮೀನ ಬಂದಾಗೊಮ್ಮೆ ಕಾಲಿಗೆ ಬೀಳ್ತಿ ಏನಲೇ?" ಗುರು ಮತ್ತೆ ನಗತೊಡಗಿದ.

"ಮತ್ತೇನ ಮಾಡ್ಲಿರಿ? ಮಿಷನ್ ಕಾಣಸ್ತು. ನಿಮಗ ಹೇಳಬೇಕಲ್ಲ!"

"ಮಿಷನ್ ಚಲೋ ಐತಿ. ಇರಲಿ ಅದು." ಗುರು ಮುಖ ಒರೆಸಿಕೊಂಡ. "ನಾಳಿ ಸಂತಿಗೆ ಹೋಗು. ಎರಡೂ ಕೈತುಂಬ ಬಳಿ ಇಡಿಸಿಕೊಂಡು ಬಾ."

"ಬಳಿ? ನಾನಾ? ಊರಾಗ ನಗತಾರ್ರಿ!"

"ನಗಲಿ. ಇವತ್ತ ನಾವೂ ನಕ್ಕೇವಲ್ಲ."

ಯಂಕೋಬ ತನ್ನ ದಪ್ಪ ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವನಿಗೂ ನಗು ತಡೆಯಲಿಲ್ಲ.

"ಯಾವ ಬಣ್ಣದ್ದು ಇಡಿಸಿಕೊಳ್ಳಲ್ರಿ, ಅಜ್ಜಾರ?"

ಗುರು ಬಲೆ ಹಿಂಡಿದ. ನುಣುಪಾದ ಬಿದಿರಿನ ಮೇಲೆ ಒಣಗಲು ಹರವಿದ.

"ಹಸರು ತಗೊ. ಬ್ಯಾರೆ ಬಣ್ಣದ್ದು ನನಗ ಕೇಳಂಗಿಲ್ಲ."